ಸುಳ್ಳು ಹೇಳದ ಮುಳ್ಳು

"ಡಿಜಿಟಲ್ ಬೇಡ, ಮುಳ್ಳಿನ ಮಲ್ಟಿಮೀಟರೇ ಕೊಡಿ. ಮುಳ್ಳು ಸುಳ್ಳು ಹೇಳಲ್ಲ," ಎಂದರು ಶೇಷಾದ್ರಿ.

"ಮೀಟರೊಳಗೆ ಸೆಲ್ ಇಲ್ದಿದ್ರೆ ಮೋಟಾರಿನ ಒಳ್ಳೇ ಕಾಯಿಲ್ಲೂ ಸುಟ್ಟಿದೆ ಅನ್ಸುತ್ತೆ ಸಾರ್. ಮೊದಲು ಮೀಟರಿನ ಎರಡು ವೈರಿನ ತುದಿ ಒಂದಕ್ಕೊಂದು ಮುಟ್ಟಿಸಿ, ಮುಳ್ಳು ಓಡುತ್ತಾ ನೋಡ್ಕೊಳ್ಳಿ," ಎಂದ ಅಂಗಡಿಯವನು.

"ನಂಗೇ ಪಾಠಾನಾ?" ಎಂದು ಶೇಷಾದ್ರಿ ನಕ್ಕರು. ಹೆಂಡತಿ ವನಜಮ್ಮ ಮಾತ್ರ ಕಿವಿಗೊಟ್ಟು ಕೇಳಿಸಿಕೊಂಡರು.

ಶೇಷಾದ್ರಿಯೇ ಐದು ಸಲ ರಿಪೇರಿ ಮಾಡಿದ್ದ ಹದಿನೆಂಟು ವರ್ಷದ ಮಿಕ್ಸಿ ಮರುವಾರ ಮತ್ತೆ ನಿಂತಿತು. ಮೋಟಾರಿಗೆ ಮೀಟರು ಹಿಡಿದರೆ ಮುಳ್ಳು ಅಲ್ಲಾಡಲೇ ಇಲ್ಲ.

"ಕಾಯಿಲ್ಲೇ ಸುಟ್ಟಿದೆ ಕಣೇ. ಇನ್ನು ಬ್ರಹ್ಮ ಬಂದ್ರೂ ಆಗಲ್ಲ."

"ಅಯ್ಯೋ, ಹೌದೇನ್ರೀ? ಪಾಪ!"

ಸಂಜೆ ಹೊಸ ಮಿಕ್ಸಿಯಲ್ಲಿ ಚಟ್ನಿ ರುಬ್ಬಿ ಮುಗಿಸಿದ ವನಜಮ್ಮ, ಸೆರಗಿನ ಗಂಟು ಬಿಚ್ಚಿ, ಸೆಲ್ಲನ್ನು ಮೀಟರಿನೊಳಗೆ ಮತ್ತೆ ಕೂರಿಸಿದರು.