ತಾಯಿಮಾತಿಗೆ ನಲವತ್ತೊಂದು

“ನೂರಕ್ಕೆ ನಲವತ್ತೊಂದು,” ಎಂದಳು ಪರೀಕ್ಷಕಿ, ತಲೆ ಎತ್ತದೆ. “ಪಾಸಾಗೋಕೆ ಅರವತ್ತು ಬೇಕು ಅಜ್ಜಿ.”

ಎದುರಿನ ಕುರ್ಚಿಯಲ್ಲಿದ್ದ ಎಂಬತ್ತೊಂದರ ಅಜ್ಜಿ ಕಿವಿಗೆ ಕೈ ಅಡ್ಡ ಹಿಡಿದು ಇನ್ನೊಮ್ಮೆ ಹೇಳಿಸಿಕೊಂಡು, ಗೊಳ್ಳನೆ ನಕ್ಕುಬಿಟ್ಟರು. “ಅಲ್ಲ ಕಣಮ್ಮ, ಅದು ನನ್ನ ತಾಯಿಮಾತು. ನಾನು ಮೊದಲು ಅತ್ತದ್ದೇ ಅದರಲ್ಲಿ. ಇಪ್ಪತ್ತೆರಡಕ್ಕೆ ಗಂಡನ ಹಿಂದೆ ಈ ದೇಶಕ್ಕೆ ಬಂದಮೇಲೆ ನಿಮ್ಮ ಭಾಷೆ ಕಲಿತದ್ದು. ಫೇಲ್ ಮಾಡೋದಾದ್ರೆ ಇದರಲ್ಲಿ ಮಾಡು, ಒಪ್ಪಿಕೊಳ್ತೀನಿ.”

ಪರೀಕ್ಷಕಿ ಇನ್ನೂ ಹುಡುಗಿ. ಸ್ವಂತ ಭಾಷೆಯಲ್ಲಿ, ಬಸ್ಸಿನಲ್ಲಿ ‘ಸ್ವಲ್ಪ ಸರೀತೀರಾ’ ಎನ್ನಲೂ ಗಂಟಲು ಕಟ್ಟುವ ಜೀವ ಅವಳದು. ಅಜ್ಜಿಯ ತಾಯಿಮಾತಾದ ಆ ಪರಭಾಷೆಯಲ್ಲಿ ಮಾತ್ರ, ತನ್ನ ಗುರುತು ಯಾರಿಗೂ ಇಲ್ಲದ ಬೀದಿಯಲ್ಲಿ ಅಡ್ಡಾಡಿದ ಹಾಗೆ, ಧೈರ್ಯವಾಗಿ ಮಾತಾಡುತ್ತಿದ್ದಳು. ಮೂರು ವರ್ಷದ ಕೋರ್ಸು, ಒಂದು ಚಿನ್ನದ ಪದಕ, ಆಮೇಲೆ ಈ ಕೊಠಡಿ, ಈ ಮೊಹರು. ಆ ಭಾಷೆಯ ದೇಶವನ್ನು ಮಾತ್ರ ಎದುರು ಗೋಡೆಯ ಕ್ಯಾಲೆಂಡರಿನಲ್ಲಿ ಬಿಟ್ಟರೆ ಇನ್ನೆಲ್ಲೂ ನೋಡಿರಲಿಲ್ಲ. ಬಾಯಲ್ಲಿ ಹೇಳಲಾರದೆ ಉತ್ತರದ ಹಾಳೆಯನ್ನೇ ಅಜ್ಜಿಯ ಕಡೆ ತಿರುಗಿಸಿಟ್ಟಳು. ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸಿನ ಚಿತ್ರ ತೋರಿಸಿ ‘ವರ್ಣಿಸಿ’ ಎಂದದ್ದಕ್ಕೆ ಅಜ್ಜಿ ಐದು ನಿಮಿಷ ಉಸಿರು ಬಿಡದೆ ವರ್ಣಿಸಿದ್ದರು. ಅದರ ಫಲ ಅಲ್ಲಿತ್ತು: ವೇಗ, ಅತಿಯಾಯಿತು. ವಾಕ್ಯಗಳು, ಅರ್ಧಂಬರ್ಧ. ಅರ್ಥವಾಗದ ಪದಗಳು, ಹದಿನೇಳು.

“ಅರ್ಥವಾಗದ್ದು ಯಾರಿಗೆ?”

“ಪರೀಕ್ಷಕರಿಗೆ.”

“ಓಹೋ. ಮಾರ್ಕು ಹೋದದ್ದು?”

“ನಿಮಗೆ,” ಎಂದಳು ಹುಡುಗಿ. “ಆ ಮಾತೆಲ್ಲ ಈಗ ಅಲ್ಲಿ ಯಾರೂ ಆಡಲ್ಲ ಅಜ್ಜಿ. ಅರವತ್ತು ವರ್ಷದಲ್ಲಿ ಭಾಷೆ ಎಲ್ಲಿಂದೆಲ್ಲಿಗೋ ಹೋಗಿಬಿಟ್ಟಿದೆ.”

“ನಮ್ಮಕ್ಕ ಎಲ್ಲೂ ಹೋಗಿಲ್ವಲ್ಲ. ಇದ್ದಲ್ಲೇ ಇದ್ದಾಳೆ,” ಎಂದರು ಅಜ್ಜಿ. ಈ ಸಲ ನಗು ಇರಲಿಲ್ಲ. ಅಕ್ಕನಿಗೆ ಎಂಬತ್ತೆಂಟು, ಎರಡೂ ಕಣ್ಣು ಹೋಗಿವೆ. ಅವಳ ಜೊತೆ ಇದ್ದುಬಿಡೋಣವೆಂದರೆ, ಅಲ್ಲಿಯ ಪೌರತ್ವ ಬಿಟ್ಟುಕೊಟ್ಟವರು ಅಲ್ಲಿಯ ಭಾಷೆ ಬರುತ್ತದೆಂದು ರುಜುವಾತು ಕೊಡಬೇಕಂತೆ. “ಭಾನುವಾರ ಭಾನುವಾರ ಫೋನ್ ಮಾಡ್ತೀನಿ. ‘ನೀನು ಬರೋತನಕ ಇರ್ತೀನಿ ಕಣೇ’ ಅಂತಾಳೆ. ಎಷ್ಟು ದಿನ ಅಂತ ಇರ್ತಾಳೆ ಹೇಳು.”

ಒಂದು ತಿಂಗಳ ಮೇಲೆ ಪರೀಕ್ಷೆಗೆ ಮತ್ತೆ ಕೂರಬಹುದು, ಅಷ್ಟರಲ್ಲಿ ತಾನೇ ಪಾಠ ಹೇಳಿಕೊಡುತ್ತೇನೆ ಎಂದಳು ಹುಡುಗಿ. “ಆದರೆ ಅಲ್ಲಿತನಕ ಭಾನುವಾರದ ಫೋನ್ ನಿಲ್ಲಿಸಬೇಕು ಅಜ್ಜಿ. ಇಲ್ಲಿ ನಾನು ತಿದ್ದೋದು, ಅಲ್ಲಿ ನಿಮ್ಮಕ್ಕ ಕೆಡಿಸೋದು, ಹಾಗಾದ್ರೆ ಮುಗೀತು.” ಅಂದೇ ಸಂಜೆ ಅಜ್ಜಿ ಅಕ್ಕನಿಗೆ ‘ಓದಿಕೊಳ್ಳೋದಿದೆ, ಒಂದು ತಿಂಗಳು ತಡ್ಕೋ’ ಎಂದು ಹೇಳಿ ಫೋನಿಟ್ಟರು.

ಹೀಗೆ ಅಜ್ಜಿ ತಮ್ಮ ತಾಯಿಮಾತನ್ನು ಕಲಿಯತೊಡಗಿದರು. ಕಿವಿಗೆ ಹಾಕಿಕೊಂಡು ಕೇಳುವ ಪಾಠದಲ್ಲಿ ಒಬ್ಬ ಗಂಡಸೂ ಒಬ್ಬ ಹೆಂಗಸೂ ದಿನಾ ರೈಲ್ವೆ ಸ್ಟೇಷನ್ನಿನ ದಾರಿ ಕೇಳುತ್ತಿದ್ದರು. “ಈ ಪುಣ್ಯಾತ್ಮರಿಗೆ ಇನ್ನೂ ಸ್ಟೇಷನ್ ಸಿಕ್ಕಿಲ್ವಾ?” ಎನ್ನುವರು ಅಜ್ಜಿ. ಇನ್ನೊಂದು ದಿನ, “ಅಲ್ಲಿ ಜನ ಈಗ ಒಬ್ಬರನ್ನೊಬ್ಬರು ಬೈಯೋದೇ ಇಲ್ವೇನಮ್ಮ?” “ಅದು ಸಿಲಬಸ್ಸಿನಲ್ಲಿಲ್ಲ ಅಜ್ಜಿ.” “ಮುದ್ದು ಮಾಡೋದು?” ಹುಡುಗಿ ಪುಸ್ತಕದ ಕೊನೆಯ ಪುಟದವರೆಗೂ ತಿರುವಿ ನೋಡಿದಳು. ಅದೂ ಇರಲಿಲ್ಲ.

ಎರಡನೆಯ ಸಲ ಅದೇ ತಾರಸಿ, ಅದೇ ಬಟ್ಟೆ, ಅದೇ ಹೆಂಗಸು. ಅಜ್ಜಿ ಅಳೆದು ತೂಗಿ, ಉಸಿರು ಬಿಡಬೇಕಾದಲ್ಲಿ ಬಿಟ್ಟು, ಎಂಟು ವಾಕ್ಯದಲ್ಲಿ ಮುಗಿಸಿದರು. ತೊಂಬತ್ತೆರಡು. ಹುಡುಗಿಗೆ ಹಿಗ್ಗು ತಡೆಯಲಾಗಲಿಲ್ಲ. ಪ್ರಮಾಣಪತ್ರದ ಮೇಲೆ ಹೆಸರು ಬರೆಯುತ್ತಿದ್ದವಳು ಪೆನ್ನು ಬಿಟ್ಟು, ಮೇಜಿನ ಮೇಲಿನ ಫೋನನ್ನೇ ಅಜ್ಜಿಯತ್ತ ನೂಕಿದಳು. “ಮೊದಲು ನಿಮ್ಮಕ್ಕನಿಗೆ ಹೇಳಿ!” ಅಜ್ಜಿಯ ಕಿವಿ ಮಂದ, ಅದಕ್ಕೆ ಸ್ಪೀಕರನ್ನೂ ಒತ್ತಿದಳು.

ಅಜ್ಜಿ ನಂಬರು ಒತ್ತಿ ಬೆನ್ನು ನೆಟ್ಟಗೆ ಮಾಡಿಕೊಂಡರು. ಪರೀಕ್ಷಕಿಯ ಮುಖ ನೋಡುತ್ತಲೇ, ತಮಗೆ ನಮಸ್ಕಾರ, ತಮ್ಮೊಡನೆ ಒಂದು ಸಂತೋಷದ ಸಮಾಚಾರವನ್ನು ಹಂಚಿಕೊಳ್ಳಬಯಸುತ್ತೇನೆ ಎಂದು ಶುರುಮಾಡಿದರು. ಒಂದೇ ಒಂದು ತಪ್ಪಿರಲಿಲ್ಲ. ಆ ಕಡೆಯಿಂದ ಒಡಕು ದನಿಯೊಂದು ಪಟಪಟನೆ ಸಿಡಿದು, ಫೋನ್ ಕಟ್ಟಾಯಿತು. ಚಿನ್ನದ ಪದಕದವಳಿಗೆ ಅದರಲ್ಲೊಂದು ಪದವೂ ತಿಳಿಯಲಿಲ್ಲ.

“ಏನಂದ್ರು ಅಜ್ಜಿ?”

“‘ಯಾವ ಕಂಪನಿಯವಳೇ ನೀನು? ನನಗೇನೂ ಬೇಡ, ಫೋನಿಡು. ತಿಂಗಳಾಯ್ತು, ನನ್ನ ತಂಗಿ ಫೋನ್ ಮಾಡೋ ಹೊತ್ತು’ ಅಂದಳು.”

ಹುಡುಗಿ ಕುರ್ಚಿಯಿಂದ ಅರ್ಧ ಎದ್ದುಬಿಟ್ಟಳು. “ಅಯ್ಯೋ, ಈಗಲೇ ಮತ್ತೆ ಮಾಡಿ ಅಜ್ಜಿ! ನಿಮ್ಮ ಮಾತಲ್ಲೇ ಮಾತಾಡಿ!”

ಅಜ್ಜಿಯ ಕೈ ಫೋನಿನವರೆಗೆ ಹೋಯಿತು. ಅಲ್ಲೇ ನಿಂತಿತು. ಪ್ರಮಾಣಪತ್ರದ ಕೆಳಗಿನ ಖಾಲಿ ಗೆರೆಯನ್ನು ಅವರು ಒಮ್ಮೆ ನೋಡಿ, ಉರುಳಿಬಿದ್ದಿದ್ದ ಪೆನ್ನನ್ನೆತ್ತಿ ಹುಡುಗಿಯ ಮುಂದಿಟ್ಟರು.

“ಮೊದಲು ಸಹಿ ಹಾಕಮ್ಮ. ಆಮೇಲೆ ತಪ್ಪು ಮಾತಾಡ್ತೀನಿ.”