ಉಪಚಾರದ ಸಾಕು

ಸ್ಯಾನ್ ಹೊಸೆಯಿಂದ ರೀನೋದ ಕ್ಯಾಸಿನೋಗೆ ಬಸ್ಸಿನ ಖರ್ಚು ಕಳೆದು ವೇದವತಿಯ ಬಳಿ ಉಳಿದಿದ್ದು ಐದೇ ಡಾಲರ್. ಮೈಸೂರಿನ ಅಮ್ಮನಿಗೆ ಫೋನ್ ಮಾಡಲು ಎತ್ತಿಟ್ಟಿದ್ದ ಆ ದುಡ್ಡು ಈಗ ಬ್ಲ್ಯಾಕ್‌ಜಾಕ್ ಇಸ್ಪೀಟಾಟದ ಮೇಜಿನ ಮೇಲಿತ್ತು.

"ಹೊಸಬರಿಗೆ ಇದೇ ಸುಲಭ ಕಣೇ. ಇಪ್ಪತ್ತೊಂದು ದಾಟದೆ ಎಲೆ ಹಂಚೋಳಿಗಿಂತ ಹೆಚ್ಚು ಮಾಡ್ಬೇಕು, ಅಷ್ಟೆ. ಎಲೆ ಬೇಕಂದ್ರೆ ಮೇಜು ತಟ್ಟು. ಸಾಕಂದ್ರೆ ಊಟದೆಲೆ ಮೇಲೆ ಆಡಿಸೋ ಹಾಗೆ ಕೈ ಆಡಿಸು," ಎಂದ ಗಂಡ ಶ್ರೀಕಂಠ.

ಅವಳಿಗೆ ಆರೂ ನಾಲ್ಕೂ ಸೇರಿ ಹತ್ತು ಬಂತು. ಎಲೆ ಹಂಚುವಾಕೆ ಬೇಕೇ ಎಂಬಂತೆ ನೋಡಿದಳು. ಬೇಕೇ ಬೇಕಿತ್ತು. ಆದರೆ ಮೊದಲ ಸಲಕ್ಕೇ ಹೂಂ ಅನ್ನುವುದು ಹೇಗೆ? ವೇದವತಿ ನಗುತ್ತ ಕೈ ಆಡಿಸಿದಳು. ಹಂಚುವಾಕೆ ಪಕ್ಕದವರತ್ತ ತಿರುಗಿಬಿಟ್ಟಳು.

"ಅಯ್ಯೋ, ಇನ್ನೊಂದ್ಸಲ ಕೇಳಲ್ವೇನ್ರೀ?"

"ಬಲವಂತ ಮಾಡಿ ಬಡಿಸೋಕೆ ಅವಳೇನು ನಮ್ಮಮ್ಮನಾ?"

ಹಂಚುವಾಕೆಗೆ ಹತ್ತೊಂಬತ್ತು ಬಂತು. ಐದು ಡಾಲರ್ ಹೋಯಿತು. ಆ ತಿಂಗಳು ಅಮ್ಮನಿಗೆ ಫೋನ್ ಇಲ್ಲ, ಬರೀ ಕಾಗದ.