ತುಂಬಿದ ಬಟ್ಟಲು

ಪರದೆಯ ಮೇಲೆ ಸರ್ಸೆನ್ ಮೇಷ್ಟ್ರ ಹೆಸರಿನ ಮುಂದೆ ಸೊನ್ನೆ ಮೂಡಿದಾಗ ಐನಾಶ್ ಅವರಿಗೆಂದೇ ಚಹದ ಕೆಟಲಿ ಎತ್ತಿಕೊಂಡಿದ್ದಳು.

ಅದು ಕರಗಂಡ ನಗರದ ಹಾಲಿನ ಲಾರಿಗಳಿಗೆ ದಾರಿ ಹುಡುಕುವ ಪ್ರೋಗ್ರಾಂ. ಒಳ್ಳೆಯ ದಾರಿಗಳಿಂದ ತಲೆಮಾರು ತಲೆಮಾರಾಗಿ ಇನ್ನೂ ಒಳ್ಳೆಯವನ್ನು ಹುಟ್ಟಿಸುತ್ತದೆ. ಎರಡು ದಾರಿ ಬೆರೆಸಿ ಮೂರನೆಯದನ್ನು ಪಡೆಯುವ ವಿಧಾನ ಮೇಷ್ಟ್ರದು; ಪ್ರೋಗ್ರಾಂನಲ್ಲಿ ಅದಕ್ಕೆ ಅವರದೇ ಹೆಸರು. ಅದನ್ನು ಎಷ್ಟು ಸಲ ಬಳಸಬೇಕೆಂಬ ಅಂಕಿಯನ್ನು ಇಪ್ಪತ್ತೆರಡು ವರ್ಷ ಅವರೇ ಕೈಯಾರೆ ತಿದ್ದುತ್ತಿದ್ದರು. ಈಗ ಆ ಅಂಕಿಯನ್ನು ಪ್ರೋಗ್ರಾಂ ತಾನೇ ಹುಡುಕಿಕೊಳ್ಳುವಂತೆ ಅವರ ಶಿಷ್ಯೆ ಐನಾಶ್ ಬರೆದಿದ್ದಳು. ಅದು ಹುಡುಕಿ ಹೇಳಿತ್ತು: ಒಮ್ಮೆಯೂ ಬೇಡ.

"ಇನ್ನೊಂದ್ಸಲ ಓಡಿಸಿ ನೋಡಿದ್ಯೇನಮ್ಮ?" ಪಕ್ಕದಲ್ಲೇ ಕೂತಿದ್ದ ಮೇಷ್ಟ್ರು ಕೇಳಿದರು.

"ಒಂಬತ್ತು ಸಲ, ಅಗಾಯ್. ಒಂಬತ್ತೂ ಸಲ ಸೊನ್ನೇನೇ." ಮೇಷ್ಟ್ರನ್ನು ಅವಳು ಕರೆಯುತ್ತಿದ್ದುದೇ ಹಾಗೆ, ಅಗಾಯ್ ಎಂದು.

"ಹಠಮಾರಿ. ಥೇಟ್ ನಿನ್ನ ಹಾಗೆ."

ಅವಳಿಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ. ಕೈ ತನ್ನ ಪಾಡಿಗೆ ತಾನು ಚಹ ಸುರಿಯುತ್ತಿತ್ತು. ಮೇಷ್ಟ್ರು ಬಟ್ಟಲನ್ನೇ ನೋಡುತ್ತಿದ್ದರು. ಅವರ ಕಡೆ, ಇನ್ನಷ್ಟು ಹೊತ್ತು ಕೂತಿರಲಿ ಎನಿಸುವ ಅತಿಥಿಗೆ ಅರ್ಧ ಬಟ್ಟಲು ಸುರಿಯುತ್ತಾರೆ; ಎದ್ದು ಹೋಗಲಿ ಎನಿಸಿದವರಿಗೆ ಮಾತ್ರ ಅಂಚಿನವರೆಗೆ. ಅವಳಿಗೆ ಎಚ್ಚರವಾಗುವಷ್ಟರಲ್ಲಿ ಚಹ ಅಂಚಿಗೆ ಬಂದು ನಿಂತಿತ್ತು.

"ಅಗಾಯ್, ನಾನು ನೋಡ್ಲಿಲ್ಲ..."

"ಇರ್ಲಿ ಬಿಡು. ಸರಿಯಾಗೇ ಸುರಿದಿದ್ದೀಯ," ಎಂದ ಮೇಷ್ಟ್ರು, ಒಂದು ಹನಿಯೂ ಚೆಲ್ಲದಂತೆ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ತಳ ಕಾಣುವವರೆಗೆ ಕುಡಿದರು.